ಗಬ್ಬ ನಿಲ್ಲದ ಆಕಳು: ಕಾಯುವ ಲೆಕ್ಕ, ಮಾರುವ ಹೊತ್ತು

ಕೊಪ್ಪಳ ಜಿಲ್ಲೆಯ ಯಾವ ದನದ ಸಂತೆಯಲ್ಲಾದರೂ ಸರಿ, ಆಕಳ ಹಗ್ಗ ಹಿಡಿದು ನಿಂತವನಿಗೆ ಎದುರಾಗುವ ಮೊದಲ ಪ್ರಶ್ನೆ "ಗಬ್ಬ ಐತೇನ್ರಿ?" ಎಂಬುದು. ಹಾಲಿನ ಮಾತು, ಹಲ್ಲಿನ ಮಾತು, ಎಷ್ಟು ಸಲ ಈದಿದೆಯೆಂಬ ಸೂಲಿನ ಮಾತು ಎಲ್ಲವೂ ಆಮೇಲೆ. ಹೌದೆಂದರೆ ಕೊಳ್ಳಲು ಬಂದವನು ಒಂದು ಹೆಜ್ಜೆ ಹತ್ತಿರ ಬಂದು ಆಕಳ ಬೆನ್ನಿನ ಮೇಲೆ ಕೈಯಿಡುತ್ತಾನೆ. ಇಲ್ಲವೆಂದರೆ ಅವನ ಕಣ್ಣು ಪಕ್ಕದ ಗೂಟದತ್ತ ಹೊರಳುತ್ತದೆ. ಗೊತ್ತಿಲ್ಲವೆಂದರೆ ಇಲ್ಲವೆಂದೇ ತಿಳಿದು ಬೆಲೆ ಕಟ್ಟುತ್ತಾನೆ. ಈ ಒಂದು ಉತ್ತರದ ಮೇಲೆ ಅದೇ ಆಕಳ ಬೆಲೆ ಅರ್ಧಕ್ಕೆ ಇಳಿಯುವುದನ್ನು ನಾನು ಕಂಡಿದ್ದೇನೆ. ಹೀಗಿದ್ದೂ ನಮ್ಮ ಬಹಳಷ್ಟು ದನದ ಮನೆಗಳಲ್ಲಿ ಯಜಮಾನ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುವುದು ಆಕಳು ಹಾಲು ಬತ್ತಿಸಿ ನಿಂತ ಮೇಲೆ, ಅಂದರೆ ಉತ್ತರ ಯಾವುದೇ ಇದ್ದರೂ ಅದರಿಂದ ಪ್ರಯೋಜನವಾಗದ ಹೊತ್ತಿನಲ್ಲಿ. ಗಬ್ಬವಿಲ್ಲದ ಆಕಳನ್ನು ಕಾಯಬೇಕೋ ಮಾರಬೇಕೋ ಎಂಬುದನ್ನು ತೀರ್ಮಾನಿಸುವ ಸಮಯ ಅದಕ್ಕಿಂತ ಬಹಳ ಮೊದಲೇ ಬಂದು ಹೋಗಿರುತ್ತದೆ ಎಂಬುದು ಇಷ್ಟು ವರ್ಷ ಹೈನು ಕಟ್ಟಿಕೊಂಡು ನಾನು ಮುಟ್ಟಿದ ಅಭಿಪ್ರಾಯ.

ನಾನು ಗಂಗಾವತಿ ತಾಲ್ಲೂಕಿನವನು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಊರಿನವನು. ನಮ್ಮಲ್ಲಿರುವ ಹಾಲಿನ ದನಗಳಲ್ಲಿ ಹೆಚ್ಚಿನವು ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯವು, ಒಂದೆರಡು ಜರ್ಸಿ, ಅವ್ವನ ಪಾಲಿಗೆಂದು ಒಂದು ಜವಾರಿ ಆಕಳು. ಹಾಲು ಊರಿನ ಸಂಘಕ್ಕೆ ಹೋಗುತ್ತದೆ. ಅಲ್ಲಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ, ರಾಬಕೊವಿ ಎಂದು ಎಲ್ಲರೂ ಕರೆಯುವ ರಾಯಚೂರು, ಬಳ್ಳಾರಿ, ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳ ಹಾಲು ಒಕ್ಕೂಟಕ್ಕೆ.

ಹೈನುಗಾರಿಕೆಯ ಮೂಲ ಲೆಕ್ಕ ಸರಳವಾದದ್ದು. ಆಕಳ ಗಬ್ಬದ ಅವಧಿ ಸುಮಾರು 280 ದಿನ. ಹಿರಿಯರ ಮಾತಿನಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ. ವರ್ಷಕ್ಕೊಂದು ಕರು ಎಂಬ ಮಾತು ನಿಜವಾಗಬೇಕಾದರೆ ಈದ ಮೇಲೆ 85 ದಿನಗಳೊಳಗೆ ಆಕಳು ಮತ್ತೆ ಗಬ್ಬ ಕಟ್ಟಬೇಕು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಒಂದೂವರೆ ತಿಂಗಳಾದರೂ ಬೇಕಾಗುವುದರಿಂದ ಮೊದಲ ಎರಡು ತಿಂಗಳು ಸೂಜಿ, ಅಂದರೆ ಕೃತಕ ಗರ್ಭಧಾರಣೆ, ಮಾಡಿಸದೆ ಬಿಡುವುದು ವಾಡಿಕೆ. ಅಲ್ಲಿಗೆ ಉಳಿಯುವುದು 25 ದಿನ. ಬೆದೆ ಬರುವುದು 21 ದಿನಕ್ಕೊಮ್ಮೆಯಾದ್ದರಿಂದ ಆ ಅವಧಿಯಲ್ಲಿ ಸಿಗುವ ಅವಕಾಶ ಒಂದು, ಹೆಚ್ಚೆಂದರೆ ಎರಡು. ಕೃತಕ ಗರ್ಭಧಾರಣೆಯಲ್ಲಿ ಒಂದೇ ಸೂಜಿಗೆ ನಿಲ್ಲುವ ಮಿಶ್ರತಳಿ ಆಕಳುಗಳು ಅರ್ಧಕ್ಕಿಂತ ಕಡಿಮೆ ಎಂಬುದನ್ನೂ ಸೇರಿಸಿಕೊಂಡರೆ, ವರ್ಷಕ್ಕೊಂದು ಕರು ಎನ್ನುವುದು ಹಾರೈಕೆಯ ಮಾತೇ ಹೊರತು ಲೆಕ್ಕದ ಮಾತಲ್ಲ ಎಂದು ತಿಳಿಯುತ್ತದೆ. 13 ತಿಂಗಳಿಗೋ 14 ತಿಂಗಳಿಗೋ ಒಂದು ಕರು ಬಿದ್ದರೆ ನಾನು ಸಮಾಧಾನ ಪಡುತ್ತೇನೆ. ಅದು 16 ತಿಂಗಳಿಗೆ ಜಾರಿದರೆ ನಾಲ್ಕು ವರ್ಷಗಳಲ್ಲಿ ನಾಲ್ಕು ಈಯಬೇಕಾದ ಆಕಳು ಮೂರೇ ಈಯುತ್ತದೆ. ಡೈರಿಯ ಪುಸ್ತಕದಲ್ಲಿ ಈ ನಷ್ಟ ಎಲ್ಲಿಯೂ ಕಾಣಿಸುವುದಿಲ್ಲ. ಅಲ್ಲಿ ಲೀಟರು ಇದೆ, ಜಿಡ್ಡಿನಂಶ ಇದೆ, ಜಿಡ್ಡಲ್ಲದ ಘನಾಂಶವಾದ ಎಸ್‌ಎನ್‌ಎಫ್ ಇದೆ. ಸಿಗದೆ ಹೋದ ಒಂದು ಸೂಲಿಗೆ ಅಲ್ಲಿ ಮನೆಯೇ ಇಲ್ಲ.

ಗಬ್ಬವಿಲ್ಲದ ಖಾಲಿ ಆಕಳುಗಳಲ್ಲಿ ಹೆಚ್ಚಿನವು ರೋಗದಿಂದ ಖಾಲಿ ಉಳಿದವಲ್ಲ, ನೋಡುವವರಿಲ್ಲದೆ ಉಳಿದವು. ಬೆದೆ ಇರುವುದು 12ರಿಂದ 18 ತಾಸು. ಬೇಸಿಗೆಯಲ್ಲಿ ಅದು ಇನ್ನೂ ಮೊಟಕಾಗುತ್ತದೆ, ಬಹುಪಾಲು ರಾತ್ರಿ ತಂಪು ಹೊತ್ತಿನಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಇಳಿದುಹೋಗುತ್ತದೆ. ಹಗ್ಗಕ್ಕೆ ಕಟ್ಟಿದ ಆಕಳು ಇನ್ನೊಂದರ ಮೇಲೆ ಏರಲಾರದು, ಇನ್ನೊಂದು ಏರಿದರೆ ಜಗ್ಗದೆ ನಿಲ್ಲುವುದನ್ನು ತೋರಿಸಲಾರದು. ಬಿಡುಗೊಟ್ಟಿಗೆಯಲ್ಲಿ ದೂರದಿಂದಲೇ ಕಾಣುವ ಲಕ್ಷಣ ನಮ್ಮ ಗೂಟದ ಕಟ್ಟಿನಲ್ಲಿ ಕಾಣುವುದಿಲ್ಲ. ಕಾಣುವುದು ಚಿಕ್ಕ ಚಿಕ್ಕ ಸಂಗತಿಗಳು: ಗ್ವಾದಲಿಯ ಮೇವು ಅರ್ಧ ಉಳಿದಿರುತ್ತದೆ, ಬೆಳಗಿನ ಹಾಲು ಒಂದು ಲೀಟರು ಕಡಿಮೆ ಬಂದಿರುತ್ತದೆ, ಆಕಳು ಹಗ್ಗ ಜಗ್ಗುತ್ತ ಒದರುತ್ತದೆ, ಹನಿ ಹನಿಯಾಗಿ ಮತ್ತೆ ಮತ್ತೆ ಮೂತ್ರ ಹಾಕುತ್ತದೆ. ನಮ್ಮಲ್ಲಿ ಇವನ್ನೆಲ್ಲ ಮೊದಲು ಹಿಡಿಯುವವಳು ಅವ್ವ. ಸಗಣಿ ಬಳಿಯುವ ಮೊದಲು ಆಕೆ ಬಗ್ಗಿ ಪ್ರತಿ ಆಕಳ ಬಾಲದ ಬುಡ ನೋಡುತ್ತಾಳೆ, ಆಕಳು ಮಲಗಿದ್ದ ಕಡೆಯ ನೆಲ ನೋಡುತ್ತಾಳೆ. ಲೋಳೆ ತಿಳಿಯಾಗಿ, ಹರಿಯದೆ ಎಳೆಯಾಗಿ ಇಳಿದಿದ್ದರೆ ಸೂಜಿಗೆ ಹೇಳಿಕಳಿಸಲು ಹೇಳುತ್ತಾಳೆ. ಅದರಲ್ಲಿ ಬಿಳಿ ನೂಲಿನಂಥ ಕೀವು ಕಂಡರೆ ಈ ಸಲ ಸೂಜಿ ಬೇಡ, ಔಷಧ ಬೇಕು ಎನ್ನುತ್ತಾಳೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಗರ್ಭಕೋಶದ ಸೋಂಕಿರುವ ಆಕಳಿಗೆ ತಿಂಗಳು ತಿಂಗಳೂ ಸೂಜಿ ಮಾಡಿಸಿ, ಕೊನೆಗೆ ವೀರ್ಯವೇ ಸರಿಯಿಲ್ಲ ಎಂದು ಬೈಯುವವರನ್ನು ಯಾವ ಊರಿನಲ್ಲಾದರೂ ಕಾಣಬಹುದು.

ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು ಹತ್ತು ಹನ್ನೆರಡು ತಾಸಿನ ಮೇಲೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಮಾಡಿಸಬೇಕೆಂಬ ನಿಯಮ ಬಂದದ್ದು ಇದರಿಂದ. ನಿಯಮ ಎಲ್ಲರಿಗೂ ಗೊತ್ತು. ಆದರೆ ಸೂಜಿ ಮಾಡುವವರು ಐದಾರು ಹಳ್ಳಿ ಸುತ್ತಿ ಬರಬೇಕು, ಅವರು ಬಂದ ಹೊತ್ತೇ ಆಕಳ ಹೊತ್ತಾಗಿಬಿಡುತ್ತದೆ. ಭಾನುವಾರ, ಅಮಾವಾಸ್ಯೆ, ಊರ ಜಾತ್ರೆ ಬಂದರಂತೂ ಆ ಬೆದೆ ಹೋಯಿತೆಂದೇ ಲೆಕ್ಕ. ತಪ್ಪಿದ ಒಂದು ಬೆದೆಯ ಬೆಲೆ 21 ದಿನ, ಮೂರು ತಪ್ಪಿದರೆ 63 ದಿನ. ಅಷ್ಟು ದಿನದ ಮೇವು ಆಕಳ ಹೊಟ್ಟೆಗೆ ಹೋಗಿರುತ್ತದೆ, ಮುಂದಿನ ಸೂಲು ಮಾತ್ರ ಅಷ್ಟೇ ದಿನ ಹಿಂದೆ ಸರಿದಿರುತ್ತದೆ.

ಇದಕ್ಕಿಂತಲೂ ಹೆಚ್ಚು ಹಾನಿ ಮಾಡುವ ನಂಬಿಕೆಯೊಂದಿದೆ. ಸೂಜಿ ಮಾಡಿಸಿದ ಮೇಲೆ ಆಕಳು ಬೆದೆಗೆ ಬರಲಿಲ್ಲವೆಂದರೆ ಗಬ್ಬ ನಿಂತಿತು ಎಂದುಕೊಂಡು ಸುಮ್ಮನಾಗುವುದು. ಬೆದೆಗೆ ಬಾರದಿರಲು ಗಬ್ಬ ಒಂದು ಕಾರಣ ಮಾತ್ರ. ಮೈಯಲ್ಲಿ ಕಸುವಿಲ್ಲದೆ ಅಂಡಾಶಯ ಕೆಲಸ ನಿಲ್ಲಿಸಿರಬಹುದು, ಗರ್ಭಕೋಶದಲ್ಲಿ ಕೀವು ತುಂಬಿ ಶರೀರವೇ ಗಬ್ಬವೆಂದು ಮೋಸ ಹೋಗಿರಬಹುದು, ಇಲ್ಲವೇ ಬೆದೆ ಬಂದು ಹೋದದ್ದನ್ನು ಮನೆಯವರು ನೋಡಿರಲಿಕ್ಕಿಲ್ಲ. ಎಮ್ಮೆಯಲ್ಲಂತೂ ಈ ಮೂಕ ಬೆದೆಯೇ ಸಾಮಾನ್ಯ. ಎರಡು ತಿಂಗಳಿಗೆ ಪಶುವೈದ್ಯರನ್ನು ಕರೆಸಿ ಕೈ ಹಾಕಿಸಿ ನೋಡಿಸಿದರೆ ಉತ್ತರ ಅಂದೇ ಸಿಗುತ್ತದೆ. ಭುಜದವರೆಗಿನ ಪ್ಲಾಸ್ಟಿಕ್ ಗವಸು ತೊಟ್ಟು, ಸೋಪಿನ ನೀರು ಹಚ್ಚಿಕೊಂಡು, ಗುದದ್ವಾರದ ಮೂಲಕ ಕೈ ಇಳಿಸಿ, ಒಳಗಿನ ಸಗಣಿ ತೆಗೆದು ಹಾಕಿ, ಕಣ್ಣನ್ನು ಎಲ್ಲಿಯೋ ನೆಟ್ಟು ಡಾಕ್ಟರು ಬೆರಳಿನಿಂದಲೇ ಗರ್ಭಕೋಶದ ಕವಲುಗಳನ್ನು ಅಳೆಯುತ್ತಾರೆ. ಒಂದು ಕವಲಿಗಿಂತ ಇನ್ನೊಂದು ದಪ್ಪವಾಗಿದೆಯೇ, ಒಳಗೆ ನೀರು ಕಟ್ಟಿದೆಯೇ, ಗೋಡೆ ತೆಳುವಾಗಿದೆಯೇ ಎಂಬುದನ್ನು ತಿಳಿಯಲು ಅನುಭವಸ್ಥರಿಗೆ ಒಂದೆರಡು ನಿಮಿಷ ಸಾಕು. ಅಲ್ಟ್ರಾಸೌಂಡ್ ಇದ್ದಲ್ಲಿ ಒಂದು ತಿಂಗಳಿಗೇ ತಿಳಿಯುತ್ತದೆ. ನಮ್ಮ ಕಡೆ ಅದು ಹಳ್ಳಿಯ ಆಸ್ಪತ್ರೆಗಳಿಗೆ ಬಂದದ್ದನ್ನು ನಾನು ಕಂಡಿಲ್ಲ. ಐದನೇ ತಿಂಗಳಿನಲ್ಲಿ ಹೊಟ್ಟೆ ಇಳಿಬಿದ್ದಿಲ್ಲವೆಂದು ಗಾಬರಿಯಾಗಿ ಕರೆಸುವ ಬದಲು ಎರಡನೇ ತಿಂಗಳಿಗೆ ಕರೆಸಿದರೆ, ಇಲ್ಲವೆಂಬ ಉತ್ತರಕ್ಕೂ ಒಂದು ಬೆಲೆಯಿರುತ್ತದೆ. ನನ್ನ ದೃಷ್ಟಿಯಲ್ಲಿ ಹೌದೆಂಬ ಉತ್ತರಕ್ಕಿಂತ ಇಲ್ಲವೆಂಬ ಉತ್ತರವೇ ಹೆಚ್ಚು ಉಪಯೋಗದ್ದು, ಏಕೆಂದರೆ ಮುಂದೇನು ಮಾಡಬೇಕೆಂದು ಯೋಚಿಸಬೇಕಾದದ್ದು ಅದನ್ನು ಕೇಳಿದ ಮೇಲೆಯೇ.

ಆಕಳನ್ನು ಗೊಡ್ಡೆಂದು ಕರೆಯುವ ಮೊದಲು ಅದು ಏನು ತಿಂದಿದೆ, ಯಾವ ಋತುವಿನಲ್ಲಿ ನಿಲ್ಲಲು ಆಗಲಿಲ್ಲ ಎಂಬುದನ್ನು ನೋಡಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ನೀರಾವರಿ ಭೂಮಿಯೆಲ್ಲ ನೆಲ್ಲಿನದು. ಕಣ್ಣು ಹಾಯಿಸಿದಷ್ಟು ದೂರ ಹಸಿರಿದ್ದರೂ ದನದ ಬಾಯಿಗೆ ಬೀಳುವುದು ವರ್ಷವಿಡೀ ಒಣ ನೆಲ್ಲುಹುಲ್ಲು, ಏಕೆಂದರೆ ಎರಡು ಬೆಳೆ ನೆಲ್ಲು ತೆಗೆಯುವ ಗದ್ದೆಯಲ್ಲಿ ಮೇವಿಗೆಂದು ನಾಲ್ಕು ಗುಂಟೆ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ನೆಲ್ಲುಹುಲ್ಲಿನಲ್ಲಿ ಸಸಾರಜನಕ ಬಹಳ ಕಡಿಮೆ, ರಂಜಕ ಇನ್ನೂ ಕಡಿಮೆ. ಅದರಲ್ಲಿರುವ ಆಕ್ಸಲೇಟು ಇರುವಷ್ಟು ಸುಣ್ಣದಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ರಂಜಕದ ಕೊರತೆಯಾದ ಆಕಳು ಮೊದಲು ಬಿಡುವುದು ಬೆದೆಯನ್ನೇ. ನನ್ನ ಅಕ್ಕನನ್ನು ಕೊಟ್ಟಿರುವುದು ಕುಷ್ಟಗಿ ತಾಲ್ಲೂಕಿನ ಒಣಬೇಸಾಯದ ಊರಿಗೆ. ಅವರಲ್ಲಿ ಕಾಲುವೆಯಿಲ್ಲ, ಬಿಳಿಜೋಳದ ಕಣಿಕೆ ಇದೆ, ಬದುವಿನ ಹುಲ್ಲು ಇದೆ, ಬೇಳೆಕಾಳಿನ ಹೊಟ್ಟು ಇದೆ. ಅಕ್ಕನ ಮನೆಯ ಆಕಳುಗಳು ಹಾಲು ನಮ್ಮಷ್ಟು ಕೊಡುವುದಿಲ್ಲ, ಆದರೆ ಗಬ್ಬದ ವಿಷಯದಲ್ಲಿ ಅವರಿಗೆ ನಮ್ಮಷ್ಟು ತಕರಾರಿಲ್ಲ. ಇದಕ್ಕೆ ತಳಿಯ ಕಾರಣವೂ ಇರಬಹುದು, ಹಾಲು ಹೆಚ್ಚಿದಷ್ಟೂ ಮೈ ಕರಗುವುದರಿಂದ ಗಬ್ಬ ತಡವಾಗುವುದು ಎಲ್ಲ ಕಡೆಯೂ ಇದ್ದದ್ದೇ. ಆದರೂ ಮೇವಿನ ಪಾಲು ದೊಡ್ಡದೆಂಬುದು ನನ್ನ ನಂಬಿಕೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜಂತಿನ ಔಷಧ, ಗದ್ದೆಯ ಅಂಚಿನಲ್ಲಿ ಒಂದಿಷ್ಟು ನೇಪಿಯರ್ ಹುಲ್ಲು, ಬೇಲಿಗೆ ನುಗ್ಗೆ ಮತ್ತು ಅಗಸೆ ಗಿಡ, ಇಷ್ಟನ್ನು ಎರಡು ತಿಂಗಳು ಕೊಟ್ಟು ನೋಡದೆ ಆಕಳನ್ನು ಸಂತೆಗೆ ಹೊಡೆಯುವುದು ನ್ಯಾಯವಲ್ಲ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಂಪು ದೇಶದ ರಕ್ತವಿರುವ ಎಚ್‌.ಎಫ್. ಆಕಳಿಗೆ ಆ ಹೊತ್ತಿನಲ್ಲಿ ಉಸಿರಾಡುವುದೇ ಒಂದು ಕೆಲಸ. ಬೆದೆ ಮಂಕಾಗುತ್ತದೆ, ಸೂಜಿ ಮಾಡಿಸಿದರೂ ಮೈಯ ಕಾವಿಗೆ ಭ್ರೂಣ ಮೊದಲ ವಾರದಲ್ಲಿಯೇ ಸಾಯುತ್ತದೆ, ಮೂರು ವಾರಕ್ಕೆ ಆಕಳು ಮತ್ತೆ ಬೆದೆಗೆ ಬರುತ್ತದೆ. ಹೀಗಾಗಿ ಮಾಘ, ಫಾಲ್ಗುಣದಲ್ಲಿ ಈದ ಆಕಳು ಗಬ್ಬ ನಿಲ್ಲಬೇಕಾದ ಕಾಲ ನೇರವಾಗಿ ಬೇಸಿಗೆಯ ನಡುವಿಗೆ ಬಂದು ಬೀಳುತ್ತದೆ. ಅಂಥ ಆಕಳಿಗೆ ಮೂರು ಸೂಜಿ ವ್ಯರ್ಥವಾದವೆಂದು ಅದನ್ನು ಗೊಡ್ಡಿನ ಪಟ್ಟಿಗೆ ಸೇರಿಸಬಾರದು. ಮುಂಗಾರು ಬಿದ್ದು ನೆಲ ತಣಿಯುವವರೆಗೆ ಕಾಯಬೇಕು. ಅದೇ ಆಕಳು ಶ್ರಾವಣದಿಂದ ಸಂಕ್ರಾಂತಿಯವರೆಗಿನ ತಂಪಿನಲ್ಲಿ, ಹಸಿಮೇವು ತಿಂದು, ಮೈ ತುಂಬಿಕೊಂಡು, ಮೂರು ಸಲ ಸರಿಯಾದ ಹೊತ್ತಿಗೆ ಸೂಜಿ ಮಾಡಿಸಿಯೂ ನಿಲ್ಲಲಿಲ್ಲವೆಂದರೆ ಅದರ ಮಾತೇ ಬೇರೆ. ಪುಸ್ತಕದ ಪ್ರಕಾರ ಎರಡೂ ಮೂರು ಸೂಜಿಯ ಆಕಳುಗಳೇ. ನಾನು ಮಾತ್ರ ಮೊದಲನೆಯದನ್ನು ಕಾಯುತ್ತೇನೆ, ಎರಡನೆಯದಕ್ಕೆ ಗಿರಾಕಿ ಹುಡುಕುತ್ತೇನೆ.

ಔಷಧೋಪಚಾರದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ, ಅದು ಡಾಕ್ಟರ ಕೆಲಸ. ಬೆದೆಗೆ ಬರಿಸಲು ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಇದೆ, ಯೋನಿಯೊಳಗೆ ಒಂದು ವಾರ ಇಡುವ ಪ್ರೊಜೆಸ್ಟರಾನ್ ಸಾಧನ ಇದೆ, ಬೆದೆ ಕಾಣಲಿ ಕಾಣದಿರಲಿ ಗೊತ್ತುಪಡಿಸಿದ ದಿನಕ್ಕೆ ಸೂಜಿ ಮಾಡುವ ಕ್ರಮಗಳೂ ಇವೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಪ್ರೊಸ್ಟಗ್ಲಾಂಡಿನ್ ಗಬ್ಬದ ಆಕಳಿಗೆ ಬಿದ್ದರೆ ಅದು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಪರೀಕ್ಷೆ ಮಾಡಿಸದೆ, ಔಷಧದ ಅಂಗಡಿಯವನ ಮಾತು ಕೇಳಿ ತಂದು ಚುಚ್ಚಿಸುವವರು, ಖಾಲಿಯೆಂದು ತಾವೇ ತಿಳಿದುಕೊಂಡ ಆಕಳನ್ನು ತಾವೇ ಖಾಲಿ ಮಾಡಿಕೊಳ್ಳುತ್ತಾರೆ. ಮೂಲಂಗಿ, ಲೋಳೆಸರ, ನುಗ್ಗೆಸೊಪ್ಪು, ಮಂಗರವಳ್ಳಿ, ಕರಿಬೇವನ್ನು ಬೆದೆಯ ದಿನದಿಂದ ಕೆಲವು ದಿನ ಸರದಿಯಾಗಿ ತಿನ್ನಿಸುವ ನಾಟಿ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತದೆ. ಅವ್ವ ಅದನ್ನು ತಪ್ಪದೆ ಮಾಡುತ್ತಾಳೆ, ಖರ್ಚಿಲ್ಲದ ಕೆಲಸವೆಂದು ನಾನೂ ಅಡ್ಡ ಹೇಳುವುದಿಲ್ಲ. ತಿಂಗಳು ತುಂಬುವ ಮೊದಲೇ, ಅದರಲ್ಲೂ ಆರನೇ ತಿಂಗಳು ದಾಟಿದ ಮೇಲೆ ಕಂದು ಹಾಕಿದ ಆಕಳ ವಿಷಯ ಬೇರೆ. ಅದಕ್ಕೆ ಬ್ರುಸೆಲ್ಲಾ ರೋಗವಿರಬಹುದು. ರಕ್ತಪರೀಕ್ಷೆಯಾಗುವವರೆಗೆ ಅದನ್ನು ಬೇರೆ ಕಟ್ಟಬೇಕು, ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು, ಹಸಿ ಹಾಲು ಕುಡಿಯಬಾರದು. ಆ ರೋಗ ಮನುಷ್ಯರಿಗೂ ಹತ್ತುತ್ತದೆ. ಅಂಥ ಆಕಳನ್ನು ಯಾರಿಗೂ ಮಾರಬಾರದು, ಎಷ್ಟೇ ನಷ್ಟವಾದರೂ.

ಇನ್ನು ಹಣದ ಮಾತಿಗೆ ಬರುತ್ತೇನೆ. ಖಾಲಿ ಆಕಳೆಂದರೆ ನಷ್ಟದ ಆಕಳೆಂದು ಎಲ್ಲರೂ ಅವಸರಪಡುತ್ತಾರೆ, ಅದು ಸರಿಯಲ್ಲ. ಗಬ್ಬವಿಲ್ಲದ ಆಕಳು ಹೊಟ್ಟೆಯ ಕರುವಿಗೆ ಪಾಲು ಕೊಡಬೇಕಾಗಿಲ್ಲ, ಗಬ್ಬದ ಏಳು ತಿಂಗಳಿಗೆ ಹಾಲು ಬತ್ತಿಸಬೇಕಾಗಿಲ್ಲ; ಒಳ್ಳೆಯ ಎಚ್‌.ಎಫ್. ಆಕಳು ಈದು ಹತ್ತು ತಿಂಗಳಾದ ಮೇಲೂ ದಿನಕ್ಕೆ ಎಂಟು ಲೀಟರು ಕೊಡುತ್ತಿರಬಹುದು. ಲೀಟರಿಗೆ ಸರ್ಕಾರದ ಪ್ರೋತ್ಸಾಹಧನವೂ ಸೇರಿ 38 ರೂಪಾಯಿ ಬರುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ಎಂಟು ಲೀಟರಿಗೆ 304 ರೂಪಾಯಿಯಾಯಿತು. ಮೈ ಕಾಪಾಡಿಕೊಳ್ಳಲು ಒಂದೂವರೆ ಕೆಜಿ, ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕೆಜಿಯಂತೆ ಸುಮಾರು ಐದು ಕೆಜಿ ಹಿಂಡಿ, ಬೂಸಾ. ಜೊತೆಗೆ ಹುಲ್ಲು, ಹಸಿಮೇವು. ಹಿಂಡಿಗೆ ಕೆಜಿಗೆ 25 ರೂಪಾಯಿಯಂತೆ 125, ಮೇವಿಗೆ 80 ಎಂದರೆ ಖರ್ಚು 205. ದಿನಕ್ಕೆ ನೂರು ರೂಪಾಯಿ ಉಳಿಯುತ್ತದೆ. ಅದೇ ಆಕಳು ನಾಲ್ಕು ಲೀಟರಿಗೆ ಇಳಿದಾಗ ಬರುವುದು 152, ಹಿಂಡಿಯನ್ನು ಮೂರು ಕೆಜಿಗೆ ಇಳಿಸಿದರೂ ಖರ್ಚು 155. ಮನೆಯವರ ದುಡಿಮೆಗೆ ಇದರಲ್ಲಿ ಕೂಲಿ ಹಿಡಿದಿಲ್ಲ. ಈ ಎಂಟಕ್ಕೂ ನಾಲ್ಕಕ್ಕೂ ನಡುವಿನ ಎರಡು ಮೂರು ತಿಂಗಳು ಮಾರಾಟದ ಹೊತ್ತು. ಆಗ ಆಕಳು ಮೈ ತುಂಬಿಕೊಂಡಿರುತ್ತದೆ, ಹಿಂಡಿ ತೋರಿಸಲು ಹಾಲಿರುತ್ತದೆ, ಕೊಂಡವನಿಗೆ ಮರುದಿನದಿಂದಲೇ ಡೈರಿಗೆ ಹಾಕಲು ಏನಾದರೂ ಸಿಗುತ್ತದೆ. ನಾಲ್ಕಕ್ಕಿಂತ ಕೆಳಗಿಳಿದ ಖಾಲಿ ಆಕಳು ಕಿತ್ತ ಸಸಿಯಂತೆ, ತಡವಾದಷ್ಟೂ ಕೊಳ್ಳುವವರು ಕಡಿಮೆ.

ಕಾಯುವುದೋ ಮಾರುವುದೋ ಎಂದು ನಿರ್ಧರಿಸುವಾಗ ನಾನು ಮೊದಲು ನೋಡುವುದು ವಯಸ್ಸು ಮತ್ತು ಸೂಲು. ಒಂದು, ಎರಡನೇ ಸೂಲಿನ ಆಕಳಿಗೆ ಇನ್ನೊಂದು ಅವಕಾಶ ಕೊಟ್ಟರೆ ಅದು ಮುಂದೆ ನಾಲ್ಕಾರು ಸೂಲು ಈದು ತೀರಿಸಬಲ್ಲದು. ಆರನೇ ಸೂಲು ದಾಟಿದ್ದಕ್ಕೆ ಹಾಕಿದ ಖರ್ಚು ವಾಪಸು ಬರುವುದು ಕಷ್ಟ. ಕೆಚ್ಚಲು ಬಾವು ಪದೇ ಪದೇ ಬಂದು ಒಂದು ಮೊಲೆ ಬತ್ತಿದ್ದರೆ, ಹಿಂಗಾಲಿನಲ್ಲಿ ಕುಂಟಿದ್ದರೆ, ಅದರ ಜೊತೆಗೆ ಗಬ್ಬವೂ ನಿಲ್ಲದಿದ್ದರೆ ಯೋಚಿಸಲು ಏನೂ ಉಳಿಯುವುದಿಲ್ಲ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುವಿನ ಬಗ್ಗೆಯೂ ಇಲ್ಲಿ ಹೇಳಬೇಕು: ಅಂಥವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಟ್ಟುಗೊಡ್ಡು. ಅದನ್ನು ಮೂರು ವರ್ಷ ಮಣಕವೆಂದು ಸಾಕಿ, ಬೆದೆಗೆ ಬರಲಿಲ್ಲವೆಂದು ದೇವರಿಗೆ ಹರಕೆ ಹೊತ್ತವರು ನಮ್ಮ ಓಣಿಯಲ್ಲಿಯೇ ಇದ್ದಾರೆ.

ಸಂತೆಯಲ್ಲಿ ಮಾರಾಟ ನಡೆಯುವುದು ಟವೆಲಿನ ಕೆಳಗೆ. ದಲ್ಲಾಳಿ ಕೊಡುವವನ ಕೈಯನ್ನೊಮ್ಮೆ, ಕೊಳ್ಳುವವನ ಕೈಯನ್ನೊಮ್ಮೆ ಟವೆಲಿನೊಳಗೆ ಹಿಡಿದು ಬೆರಳಿನಲ್ಲಿಯೇ ಬೆಲೆ ಹೇಳುತ್ತಾನೆ; ಸುತ್ತ ನಿಂತವರಿಗೆ ಒಂದು ಅಂಕಿಯೂ ಕೇಳಿಸುವುದಿಲ್ಲ. ಬೆಲೆ ಮುಚ್ಚಿಡುವ ಈ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಮುಚ್ಚಿಡುವ ಉಳಿದ ಸಂಗತಿಗಳ ಬಗ್ಗೆ ಇದೆ. ಹಿಂದಿನ ಸಂಜೆಯಿಂದ ಹಾಲು ಹಿಂಡದೆ ಕೆಚ್ಚಲು ಬಿಗಿಸಿ ತರುತ್ತಾರೆ, ಬೇರೆ ಆಕಳ ಎಳೆಗರುವನ್ನು ಪಕ್ಕಕ್ಕೆ ಕಟ್ಟುತ್ತಾರೆ, ಕೊಂಬು ಹೆರೆದು ಸೂಲಿನ ಬಳೆಗಳನ್ನು ಅಳಿಸುತ್ತಾರೆ. ಎಲ್ಲಕ್ಕಿಂತ ಸುಲಭವಾದ ಸುಳ್ಳು ಗಬ್ಬದ್ದು. ಮೂರು ತಿಂಗಳ ಹಿಂದೆ ಸೂಜಿ ಮಾಡಿಸಿದ್ದು ನಿಜವಾಗಿರುತ್ತದೆ, ಅದಕ್ಕೆ ಸಾಕ್ಷಿಯೂ ಇರುತ್ತದೆ. "ಮೂರು ತಿಂಗಳದ ಗಬ್ಬ ನೋಡ್ರಿ" ಎಂದುಬಿಟ್ಟರೆ ಮುಗಿಯಿತು. ಕೊಂಡವನು ಎರಡು ತಿಂಗಳ ನಂತರ ಫೋನು ಮಾಡಿದರೆ ದಾರಿಯಲ್ಲಿ ಗಾಡಿಯ ಕುಲುಕಾಟಕ್ಕೆ ಕಂದು ಹಾಕಿರಬೇಕು ಎಂಬ ಉತ್ತರ ಸಿದ್ಧವಿರುತ್ತದೆ. ಹೀಗೆ ಕೈಯಿಂದ ಕೈಗೆ ದಾಟುವ ಒಂದೇ ಖಾಲಿ ಆಕಳು ಮೂರು ನಾಲ್ಕು ಸಣ್ಣ ರೈತರ ಸಾಲವನ್ನು ಹೆಚ್ಚಿಸಿ ಹೋಗುತ್ತದೆ.

ಆದ್ದರಿಂದ ಖಾಲಿ ಆಕಳನ್ನು ಮಾರಬೇಕಾದಾಗ ನಾನು ಸಂತೆಗಿಂತ ಮನೆಬಾಗಿಲಿನ ಮಾರಾಟವನ್ನೇ ಇಷ್ಟಪಡುತ್ತೇನೆ. ಡಾಕ್ಟರಿಂದ ಅದೇ ವಾರ ಪರೀಕ್ಷೆ ಮಾಡಿಸಿ, ಈದ ದಿನ, ಸೂಜಿಯ ದಿನಗಳು, ಕೊಟ್ಟ ಔಷಧ ಎಲ್ಲವನ್ನೂ ಬರೆದಿಟ್ಟ ನೋಟುಬುಕ್ಕನ್ನು ಗಿರಾಕಿಯ ಮುಂದೆ ಇಡುತ್ತೇನೆ. ಸಂಜೆ ಅವನ ಎದುರಿಗೇ ಹಿಂಡಿಸಿ, ಬೆಳಿಗ್ಗೆ ಮತ್ತೊಮ್ಮೆ ಹಿಂಡಿಸುತ್ತೇನೆ. ಬೆಲೆ ಕಡಿಮೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಖಾಲಿಯೆಂದು ತಿಳಿದೂ ಕೊಳ್ಳುವ ಒಂದು ವರ್ಗ ಇದೆ. ಯಲಬುರ್ಗಾ, ಕುಷ್ಟಗಿ ಕಡೆಯ ಕೆಲವರಿಗೆ ಮೇವಿನ ಖರ್ಚು ನಮ್ಮಷ್ಟು ಬೀಳುವುದಿಲ್ಲ, ಹೊಲದಲ್ಲಿ ಬಿಟ್ಟು ಮೇಯಿಸಲು ಜಾಗ ಇದೆ, ಕೆಲವರ ಬಳಿ ಹೋರಿಯೂ ಇದೆ. ಗೂಟಕ್ಕೆ ಕಟ್ಟಿ ನೆಲ್ಲುಹುಲ್ಲು ತಿಂದು ನಿಲ್ಲದ ಆಕಳು ಜಾಗ ಬದಲಾದಾಗ ನಿಂತ ಉದಾಹರಣೆಗಳಿವೆ, ನಿಲ್ಲದವೂ ಇವೆ. ಹೋದ ವರ್ಷ ಹೀಗೆ ಕೊಂಡೊಯ್ದವರೊಬ್ಬರು ನಾಲ್ಕು ತಿಂಗಳ ಮೇಲೆ ಫೋನು ಮಾಡಿ, "ಅಣ್ಣಾರ, ಇನ್ನೂ ನಿಂತಿಲ್ರಿ, ಆದ್ರ ಹಾಲು ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಎಂದರು. ಅವರು ಕೊಟ್ಟ ಬೆಲೆಯೇ ಹಾಲಿನದಾಗಿತ್ತು, ಗಬ್ಬಕ್ಕೆಂದು ಅದರಲ್ಲಿ ಒಂದು ರೂಪಾಯಿಯನ್ನೂ ನಾವು ಸೇರಿಸಿರಲಿಲ್ಲ. ಮಾರಿದ ಮೇಲೆ ಕಿವಿಯೋಲೆಯ ಹನ್ನೆರಡು ಅಂಕಿಯ ಸಂಖ್ಯೆಯನ್ನು ಪಶು ಆಸ್ಪತ್ರೆಯಲ್ಲಿ ಕೊಂಡವರ ಹೆಸರಿಗೆ ಬದಲಾಯಿಸುವುದನ್ನು ಮರೆಯಬಾರದು. ವಿಮೆ, ಲಸಿಕೆ, ಮುಂದಿನ ಸೂಜಿಯ ದಾಖಲೆ ಎಲ್ಲವೂ ಆ ಸಂಖ್ಯೆಯ ಹಿಂದೆಯೇ ಹೋಗುತ್ತವೆ.

ಪೂರ್ತಿ ಬತ್ತಿದ, ವಯಸ್ಸಾದ ಖಾಲಿ ಆಕಳ ಪ್ರಶ್ನೆಯೇ ಕಠಿಣವಾದದ್ದು. ಕರ್ನಾಟಕದಲ್ಲಿ ಆಕಳ ವಧೆಗೆ 1964ರ ಕಾಯ್ದೆಯಿಂದಲೇ ನಿಷೇಧವಿದೆ. ಎತ್ತು, ಹೋರಿ, ಎಮ್ಮೆಗಳಿಗೆ 12 ವರ್ಷ ದಾಟಿದ್ದರೆ ಇಲ್ಲವೇ ಕೆಲಸಕ್ಕೆ ಬಾರದಂತಾಗಿದ್ದರೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರ ಜನವರಿಯಿಂದ ಜಾರಿಗೆ ಬಂದ 2020ರ ಕಾಯ್ದೆ ಎಲ್ಲ ವಯಸ್ಸಿನ ಎತ್ತು, ಹೋರಿಗಳನ್ನೂ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ನಿಷೇಧದೊಳಗೆ ತಂದಿತು. ವಧೆಗೆ ಮೂರರಿಂದ ಏಳು ವರ್ಷದ ಸೆರೆವಾಸ, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ವಧೆಗೆ ಹೋಗುತ್ತದೆಂದು ತಿಳಿದೂ ಮಾರುವುದು ಅಪರಾಧ. ಕಾಯ್ದೆಯನ್ನು ಒಪ್ಪುವವರೂ ಒಪ್ಪದವರೂ ನಮ್ಮ ಊರಿನಲ್ಲಿದ್ದಾರೆ. ಕಾಗದದ ಮೇಲೆ ಆಕಳ ಮಟ್ಟಿಗೆ ನಿಷೇಧ ಹೊಸದಾಗಿರಲಿಲ್ಲ. ಆದರೆ ಸಂತೆಯಲ್ಲಿ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಬತ್ತಿದ ಆಕಳಿಗೆ ಬರುತ್ತಿದ್ದ ವ್ಯಾಪಾರಿಗಳು ಕಡಿಮೆಯಾದರು, ಬಂದವರು ಹೇಳಿದ್ದೇ ಬೆಲೆಯಾಯಿತು. 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದ ಹಲವು ಕಡೆ ದನದ ಸಂತೆಗಳೇ ನಿಂತಾಗ ಈ ಪರಿಸ್ಥಿತಿ ಇನ್ನಷ್ಟು ಬಿಗಿಯಾಯಿತು. ಈಗ ಬತ್ತಿದ ಖಾಲಿ ಆಕಳಿಗೆ ಉಳಿದಿರುವ ದಾರಿಗಳು ಮೂರೇ: ಸಾಯುವವರೆಗೆ ಮನೆಯಲ್ಲಿ ಸಾಕುವುದು, ಗೋಶಾಲೆಗೆ ಬಿಡುವುದು, ಯಾರೂ ನೋಡದ ಹೊತ್ತಿನಲ್ಲಿ ಹೆದ್ದಾರಿಗೆ ಹೊಡೆದು ಬರುವುದು. ಮೂರನೆಯದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ರಾತ್ರಿ ರಸ್ತೆಯ ನಡುವೆ ಮಲಗಿರುವ ಮಿಶ್ರತಳಿ ಆಕಳುಗಳು ಆಕಾಶದಿಂದ ಇಳಿದವಲ್ಲ. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದು ಗೋಶಾಲೆಯ ಒಂದು ರಾಸಿಗೆ ವರ್ಷಕ್ಕೆ 11 ಸಾವಿರ ರೂಪಾಯಿ ಗೊತ್ತುಪಡಿಸಿತು. ದಿನಕ್ಕೆ ಮೂವತ್ತು ರೂಪಾಯಿಯಾಯಿತು. ಒಂದು ಮಿಶ್ರತಳಿ ಆಕಳ ಒಣಹುಲ್ಲಿಗೂ ಅದು ಸಾಲದೆಂಬುದು ದನ ಕಟ್ಟಿದ ಯಾರಿಗಾದರೂ ಗೊತ್ತು.

ಈ ಕಾರಣಕ್ಕೇ ನಾನು ಮಾರಾಟದ ಹೊತ್ತಿನ ಬಗ್ಗೆ ಇಷ್ಟು ಹಟ ಹಿಡಿಯುವುದು. ಎಂಟು ಲೀಟರು ಹಿಂಡುವಾಗ ಕೈ ಬದಲಾದ ಖಾಲಿ ಆಕಳು ಇನ್ನೊಂದು ಹೈನಿನ ಮನೆಗೇ ಹೋಗುತ್ತದೆ. ಎರಡು ಲೀಟರಿಗೆ ಬಂದಾಗ ಮಾರಿದರೆ ಅದು ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯ ಮಾರಿದವನಿಗೂ ಇರುವುದಿಲ್ಲ. ಇಷ್ಟು ವರ್ಷ ಹಾಲು ಕೊಟ್ಟ ಮನೆಯ ಲಕ್ಷ್ಮಿಯನ್ನು ಮಾರುವುದೇ ಪಾಪವೆನ್ನುವ ಅವ್ವನಿಗೆ ನಾನು ಕೊಡುವ ಉತ್ತರವೂ ಇದೇ. ಆಕೆ ಅದನ್ನು ಪೂರ್ತಿ ಒಪ್ಪಿಲ್ಲ. ಆಕೆಯ ಜವಾರಿ ಆಕಳಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲವೆಂಬ ಒಪ್ಪಂದದ ಮೇಲೆ ನಮ್ಮಿಬ್ಬರ ರಾಜಿ ನಡೆದುಬಂದಿದೆ. ಅದು ಎಷ್ಟು ಹಿಂಡಿದರೂ, ನಿಂತರೂ ನಿಲ್ಲದಿದ್ದರೂ ಅದರ ಗೂಟ ಅದರದೇ.

ಸದ್ಯ ನಮ್ಮಲ್ಲಿ ಎರಡು ಆಕಳುಗಳು ಖಾಲಿ ಇವೆ. ಒಂದು ಎರಡನೇ ಸೂಲಿನದು, ಸಂಕ್ರಾಂತಿಯ ಆಸುಪಾಸಿನಲ್ಲಿ ಈದದ್ದು. ಬಿಸಿಲು ಏರುವ ಮೊದಲು ಸಿಗುವ ಬೆದೆಗೆ ಸೂಜಿ ಮಾಡಿಸಿ, ನಿಲ್ಲದಿದ್ದರೆ ಮಳೆಗಾಲದವರೆಗೆ ಕಾಯುವುದೆಂದು ತೀರ್ಮಾನವಾಗಿದೆ. ಇನ್ನೊಂದು ಐದನೇ ಸೂಲಿನದು, ಹೋದ ವರ್ಷದ ಮುಂಗಾರಿನಲ್ಲಿ ಈದು, ತಂಪು ಕಾಲವನ್ನೆಲ್ಲ ಖಾಲಿಯಾಗಿಯೇ ಕಳೆದದ್ದು. ಗರ್ಭಕೋಶ ತೊಳೆಸಿ ಸೂಜಿ ಮಾಡಿಸಿದರೂ ನಿಂತಿಲ್ಲ, ಹಾಲು ಇನ್ನೂ ಏಳು ಲೀಟರಿದೆ. ಯುಗಾದಿ ದಾಟಿದರೆ ಮೇವಿನ ಬೆಲೆ ಏರಿ ಕೊಳ್ಳುವವರು ಹಿಂದೆ ಸರಿಯುವುದರಿಂದ ಅದನ್ನು ಅದಕ್ಕೂ ಮೊದಲು ಕೊಡಬೇಕಾಗಿದೆ. ಗಬ್ಬವಿಲ್ಲವೆಂದು ಮೊದಲೇ ಹೇಳಿ ಗಿರಾಕಿ ಕರೆತರಬೇಕೆಂದು ದಲ್ಲಾಳಿಗೆ ತಿಳಿಸಿದ್ದೇನೆ; ಹಾಗೆ ಹೇಳಿದರೆ ಹತ್ತು ಸಾವಿರವಾದರೂ ಕಡಿಮೆ ಬರುತ್ತದೆಂದು ಅವನು ಎಚ್ಚರಿಸಿದ್ದಾನೆ, ಬರಲಿ ಎಂದಿದ್ದೇನೆ.